ನಾಲ್ಕನೆಯ ಲೋಟ

ಜನವರಿ 9, ಗುರುವಾರ

ಈ ಡೈರಿ ಅತ್ತಿಗೆ ಕೊಟ್ಟದ್ದು. ಅಣ್ಣನ ಕಚೇರಿಯಲ್ಲಿ ಹೊಸ ವರ್ಷಕ್ಕೆ ಹಂಚಿದ್ದಂತೆ. "ಯಾರ ಹತ್ರಾನೂ ಮಾತಾಡಲ್ಲ ನೀನು, ಇದರ ಹತ್ರನಾದ್ರೂ ಮಾತಾಡು" ಎಂದರು. ಇಡೀ ದಿನ ಬಾಯಿ ಬಡಿದುಕೊಳ್ಳುವುದೇ ನನ್ನ ಉದ್ಯೋಗ ಎಂಬುದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಬಾಯಿಗೆ ಬೀಗ. ಇದು ಅವರ ಮನೆ, ನಾನು ಬಂದು ಸೇರಿಕೊಂಡವಳು. ಎಷ್ಟು ಕಡಿಮೆ ಸದ್ದು ಮಾಡಿದರೆ ಅಷ್ಟು ಒಳ್ಳೆಯದು.

ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಎಂಟು ಕೋಣೆಗಳಿವೆ. ಅಪ್ಪ ಅಮ್ಮ ಜೊತೆಗಿಲ್ಲದೆ, ಗಡಿ ದಾಟಿ ಒಂಟಿಯಾಗಿ ಬಂದ ಹುಡುಗ ಹುಡುಗಿಯರು ಕೋಣೆಗೊಬ್ಬರಂತೆ ಇರುತ್ತಾರೆ. ಹದಿನೆಂಟು ತುಂಬುವ ಹೊತ್ತಿಗೆ ತಾವೇ ಬೇಯಿಸಿಕೊಂಡು, ತಾವೇ ಎದ್ದು ಕೆಲಸಕ್ಕೆ ಹೋಗಿ, ಬೀದಿಪಾಲಾಗದೆ ಬದುಕುವುದನ್ನು ಕಲಿಯಬೇಕು. ಕಲಿಸುವವಳು ನಾನು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಚಾದರ ಮಡಿಸಿದವಳಿಗೆ ಈ ಕೆಲಸ ಕೊಟ್ಟವರ ಧೈರ್ಯ ದೊಡ್ಡದು.

ಇವತ್ತು ಆರನೇ ಕೋಣೆಗೆ ಹೊಸ ಹುಡುಗಿ ಬಂದಳು. ಗಡಿ ದಾಟಿ ಬಂದು ಮೂರು ವರ್ಷವಾಗಿದೆ, ಇಷ್ಟು ದಿನ ಮಕ್ಕಳ ಆಶ್ರಯದಲ್ಲಿದ್ದಳು. ಭಾಷೆ ಚೆನ್ನಾಗಿ ಕಲಿತಿದ್ದಾಳೆ, ಆದರೆ ದನಿ ಎಷ್ಟು ಸಣ್ಣದೆಂದರೆ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕು. ಪಿಸು ಎಂದು ಹೆಸರಿಟ್ಟುಕೊಂಡೆ. ಎಲ್ಲರಿಗೂ ಒಂದೊಂದು ಹೆಸರಿಡುವುದು ನನ್ನ ಚಾಳಿ. ಮೇಲಿನ ಮಹಡಿಯವನು ರೇಡಿಯೋ, ಅವನಿಗೆ ಬಾಯಿ ಮುಚ್ಚುವ ಗುಂಡಿಯೇ ಇಲ್ಲ. ಪಿಸು ಹುಟ್ಟಿದ್ದು ಏಪ್ರಿಲ್ 22 ಎಂದು ಕಾಗದದಲ್ಲಿದೆ. ಆ ದಿನವನ್ನು ಕಚೇರಿಯೇ ಕೊಟ್ಟದ್ದು, ನಿಜವಾದದ್ದು ಅವಳಿಗೂ ಗೊತ್ತಿಲ್ಲ.

ಕೋಣೆ ಒಪ್ಪಿಸುವಾಗ ಸಾಮಾನಿನ ಪಟ್ಟಿ ಓದಿ ಸಹಿ ಹಾಕಿಸಿಕೊಳ್ಳಬೇಕು. ಮಂಚ ಒಂದು, ಹಾಸಿಗೆ ಒಂದು, ದಿಂಬು ಒಂದು, ತಟ್ಟೆ ಎರಡು, ಲೋಟ ನಾಲ್ಕು, ಹೀಗೆ ನಲವತ್ತೊಂದು. ಓದಿ ಮುಗಿಸಿ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. "ಎಲ್ಲ ಕೊಟ್ಟ ಹಾಗೇ ವಾಪಸ್ ಬರಬೇಕು. ಒಂದು ಲೋಟ ಒಡೀತೋ, ನಿನ್ನನ್ನ ನಿಮ್ಮೂರಿಗೆ ಪಾರ್ಸೆಲ್ ಮಾಡ್ತೀನಿ!" ರೇಡಿಯೋ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದ. ಇವಳು ನಗಲಿಲ್ಲ, ಹೂಂ ಎಂದು ತಲೆಯಾಡಿಸಿದಳು. ಸಹಿ ಮಾಡುವ ಮುಂಚೆ ನಾಲ್ಕೂ ಲೋಟಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಸಣ್ಣ ನೀಲಿ ಗೆರೆಯಿರುವ ಸಾಧಾರಣ ಗಾಜಿನ ಲೋಟಗಳು. ಜಾಣೆ ಎಂದುಕೊಂಡೆ.

ಜನವರಿ 16, ಗುರುವಾರ

ಗುರುವಾರ ನಾಲ್ಕು ಗಂಟೆಗೆ ನನ್ನ ಸುತ್ತು. ಪ್ರತಿ ಕೋಣೆಗೂ ಒಂದು ಹಾಳೆ, ಹತ್ತು ಸಾಲು, ಸಾಲಿಗೆ ಹತ್ತು ಅಂಕ. ಶುಚಿ, ಅಡುಗೆಮನೆ, ಸಮಯಪಾಲನೆ, ನೆರೆಯವರೊಂದಿಗೆ ಜಗಳ ಇಲ್ಲದಿರುವುದು, ಇತ್ಯಾದಿ. ಕಣ್ಣಿಂದ ನೋಡಬೇಕು, ಏನನ್ನೂ ಮುಟ್ಟುವಂತಿಲ್ಲ. ಅವರ ಕೋಣೆ, ಅವರ ಮರ್ಯಾದೆ. ನಿಯಮ ಸರಿಯಾದದ್ದೇ.

ರೇಡಿಯೋನ ಸಿಂಕಿನಲ್ಲಿ ಮೂರು ದಿನದ ಪಾತ್ರೆ. "ಇದರಲ್ಲಿ ಬೆಳೆ ತೆಗೀತೀಯೇನೋ?" ಎಂದೆ. "ಅಕ್ಕ, ಅದು ನನ್ನ ತೋಟ" ಎಂದ. ನಲವತ್ತೊಂದು ಅಂಕ ಕೊಟ್ಟೆ, ಅದೂ ನಗಿಸಿದ್ದಕ್ಕೆ.

ಆರನೇ ಕೋಣೆ ನೋಡಿ ಕಣ್ಣು ತಂಪಾಯಿತು. ಹಾಸಿಗೆಯ ಚಾದರದ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ ಮಡಿಸಿ ಒಳಗೆ ಸಿಕ್ಕಿಸಿದ್ದಾಳೆ. ಬೆಳಿಗ್ಗೆ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಕೆಲಸವಂತೆ, ಮಧ್ಯಾಹ್ನ ತರಗತಿ. ಒಲೆಯ ಮೇಲೆ ಒಂದು ಹನಿ ಕಲೆಯಿಲ್ಲ. ಲೋಟಗಳು ಕಪಾಟಿನಲ್ಲಿ ಸಾಲಾಗಿ ಕೂತಿವೆ. ನೂರಕ್ಕೆ ನೂರು. ಈ ಕೆಲಸಕ್ಕೆ ಬಂದ ಮೇಲೆ ಮೊದಲ ಬಾರಿ.

ಜನವರಿ 28, ಮಂಗಳವಾರ

ಅತ್ತಿಗೆ ಎದ್ದೇಳುವ ಮುಂಚೆ ಎದ್ದು ಹಾಸಿಗೆ ಸುತ್ತಿ ಪೆಟ್ಟಿಗೆಯ ಮೇಲಿಟ್ಟು, ಬಚ್ಚಲು ಒರೆಸಿ, ಬ್ರಷ್ ಮತ್ತು ಬಾಚಣಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಅತ್ತಿಗೆಯ ಹೊಲಿಗೆ ಯಂತ್ರ ಇದ್ದ ಕೋಣೆ ಇದು. ಈಗ ಯಂತ್ರ ಹೊರಗೆ ಹಜಾರದಲ್ಲಿದೆ, ನನ್ನಿಂದಾಗಿ.

"ಪೆಟ್ಟಿಗೆ ಯಾಕೆ ಇನ್ನೂ ಬಿಚ್ಚಿಲ್ಲ? ಕಪಾಟು ಖಾಲಿ ಮಾಡಿ ಕೊಟ್ಟಿದೀನಲ್ಲ" ಎಂದರು ಅತ್ತಿಗೆ. "ಎಷ್ಟು ದಿನದ ಮಾತು ಅತ್ತಿಗೆ" ಎಂದೆ. ಅವರು ಖಾಲಿ ಕಪಾಟಿನ ಬಾಗಿಲು ಮುಚ್ಚಿ ಹೋದರು.

ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಕ್ವಾರ್ಟರ್ಸ್ ಬಿಡುವಾಗ ಬಂದಿದ್ದ ಅಧಿಕಾರಿ ಗೋಡೆ ಸವರಿ ನೋಡಿ, "ಇಪ್ಪತ್ತೆರಡು ವರ್ಷ ಇದ್ರೂ ಒಂದು ಮೊಳೆ ತೂತು ಇಲ್ಲವಲ್ಲಮ್ಮ" ಎಂದು ಮೆಚ್ಚಿಕೊಂಡಿದ್ದರು. ಅವತ್ತು ಹೆಮ್ಮೆಯಾಗಿತ್ತು.

ಫೆಬ್ರವರಿ 6, ಗುರುವಾರ

ಪಿಸುಗೆ ಮತ್ತೆ ನೂರು. ನಾಲ್ಕನೇ ವಾರ. ರೇಡಿಯೋನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲೇ ನಿಲ್ಲಿಸಿ ಅವಳ ಕೋಣೆ ತೋರಿಸಿದೆ. "ಇಲ್ಲಿ ಯಾರಾದ್ರೂ ಇದ್ದಾರಾ ಅಕ್ಕ?" ಎಂದು ಕೇಳಿದ ಪೋಲಿ. ಕಿವಿ ಹಿಂಡಿದೆ.

ಹೊರಡುವಾಗ ಪಿಸು ನನ್ನ ಹಿಂದೆಯೇ ಬಂದು, "ಅಕ್ಕ, ಈ ಥರ ಲೋಟ ಯಾವ ಅಂಗಡಿಯಲ್ಲಿ ಸಿಗತ್ತೆ?" ಎಂದು ಕೇಳಿದಳು.

"ಯಾಕೆ, ಈಗಲೇ ಮದುವೆ ಸಾಮಾನು ಕೂಡಿಸ್ತಿದೀಯಾ?" ಎಂದೆ. ಕೆಂಪಗಾದಳು. ಮುಖದಲ್ಲಿ ಮಾಂಸ ಇಲ್ಲ ಹುಡುಗಿಗೆ. ಚೆನ್ನಾಗಿ ತಿನ್ನು ಎಂದು ಹೇಳಿ ಬಂದೆ.

ಫೆಬ್ರವರಿ 20, ಗುರುವಾರ

ಪಿಸು ನೂರು. ರೇಡಿಯೋ ಮೂವತ್ತೆಂಟು. ಮೊಣಕಾಲು ನೋವು.

ಮಾರ್ಚ್ 6, ಗುರುವಾರ

ಹದಿನೆಂಟು ತುಂಬಲಿರುವವರ ಬಗ್ಗೆ ಕಚೇರಿಯಲ್ಲಿ ಸಭೆ ಇತ್ತು. ಪಿಸುವಿನ ಏಳು ಹಾಳೆಗಳನ್ನು ನಾನೇ ಹೆಮ್ಮೆಯಿಂದ ಮುಂದಿಟ್ಟೆ. ಕಚೇರಿಯ ಮೇಡಂ ಒಂದೊಂದನ್ನೂ ತಿರುವಿ ನೋಡಿ, "ಇಂಥ ಹುಡುಗೀರು ಹತ್ತು ಜನ ಇದ್ದಿದ್ರೆ ನಮಗೆ ಕೆಲಸವೇ ಇರ್ತಿರಲಿಲ್ಲ" ಎಂದರು. ನಾನು ಹಿಗ್ಗಿ ಹೀರೇಕಾಯಿ ಆದೆ. ಆಮೇಲೆ ಅವರು ಹಾಳೆಯ ಮೇಲೆ ಒಂದು ಮುದ್ರೆ ಒತ್ತಿದರು. "ಸಿದ್ಧ."

ಸಿದ್ಧ ಎಂದರೆ ನೆರವು ಬೇಡ ಎಂದರ್ಥ. ನೆರವು ಬೇಡ ಎಂದರೆ ಹದಿನೆಂಟು ತುಂಬಿದ ದಿನ ಕೋಣೆ ಬಿಡಬೇಕು. ಏಪ್ರಿಲ್ 22. ರೇಡಿಯೋ "ಸಿದ್ಧನಿಲ್ಲ", ಅವನು ಇಪ್ಪತ್ತೊಂದರವರೆಗೆ ಇರಬಹುದು.

"ಇನ್ನೊಂದು ವರ್ಷ ಕೊಡಬಹುದಲ್ಲ ಮೇಡಂ? ಅವಳಿಗೆ ಯಾರೂ ಇಲ್ಲ" ಎಂದೆ.

"ಯಾರಿಗೆ ಇದ್ದಾರೆ ಹೇಳಿ? ಕೋಣೆ ಸಿಗದೆ ಹತ್ತೊಂಬತ್ತು ಮಕ್ಕಳು ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿದ್ದಾರೆ. ನಿಲ್ಲೋಕೆ ಆಗದವರಿಗೆ ಮೊದಲು. ಇವಳು ನಿಂತಿದ್ದಾಳೆ ಅಂತ ನೀವೇ ಬರ್ದಿದೀರಿ."

ನಿಯಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೂರು ಕೊಡುವಾಗ ಅದು ತಲೆಗೆ ಬರಲೇ ಇಲ್ಲ. ಚಾದರದ ಮೂಲೆ ನೋಡಿ ಮೈಮರೆತೆ.

ಮಾರ್ಚ್ 7, ಶುಕ್ರವಾರ

ಕಚೇರಿಯ ಕಾಗದವನ್ನು ಅವಳ ಕೈಗೇ ಕೊಡಬೇಕೆಂದು ಬೆಳಿಗ್ಗೆ ಏಳಕ್ಕೇ ಹೋದೆ. ಗುರುವಾರ ಬಿಟ್ಟು ಬೇರೆ ದಿನ ನಾನು ಆ ಬಾಗಿಲು ತಟ್ಟಿದ್ದು ಇದೇ ಮೊದಲು.

ತೆರೆಯಲು ತಡ ಮಾಡಿದಳು. ಬಾಗಿಲ ಹಿಂದೆಯೇ ನೆಲದ ಮೇಲೆ ಅವಳು ಆಶ್ರಯದಿಂದ ತಂದ ಕಂಬಳಿ, ತಲೆಯ ಕಡೆ ಬಟ್ಟೆಯ ಗಂಟು. ಪಕ್ಕದಲ್ಲಿ ಕಾಗದದ ಮೇಲೆ ಅರ್ಧ ಬ್ರೆಡ್. ನನಗೆ ಅರ್ಥವಾಗಲಿಲ್ಲ. ಕಾಗದ ಓದಿ ಹೇಳಬೇಕಿತ್ತು, ಮಂಚದ ಮೇಲೆ ಕುಳಿತೆ. ಚರಚರ ಎಂದಿತು. ಚಾದರ ಎತ್ತಿದೆ, ನಿಯಮ ಗಿಯಮ ಮರೆತು. ಹಾಸಿಗೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಇತ್ತು. ದಿಂಬೂ ಹಾಗೇ. ಕಪಾಟು ತೆಗೆದೆ. ಪಾತ್ರೆಗಳ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಎರಡು ತಿಂಗಳಿಂದ ಒಲೆ ಹತ್ತಿಸಿಯೇ ಇಲ್ಲ.

"ಏನೇ ಇದು?"

"ಕೊಟ್ಟ ಹಾಗೇ ವಾಪಸ್ ಬರಬೇಕಲ್ಲ ಅಕ್ಕ" ಎಂದಳು. "ನೀವೇ ಹೇಳಿದ್ರಿ."

"ಅದು ತಮಾಷೆಗೆ ಅಂದಿದ್ದು ಕಣೇ!"

"ಹೂಂ ಅಕ್ಕ" ಎಂದು ತಲೆಯಾಡಿಸಿದಳು, ಮೊದಲ ದಿನ ಆಡಿಸಿದಂತೆಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ವರ್ಷಕ್ಕೆ ಎಂಟು ಸಲ ಆಡುವ ಮಾತು. ಅದರ ಮೇಲೆ ಈ ಮಗು ಎರಡು ತಿಂಗಳು ನೆಲದಲ್ಲಿ ಮಲಗಿದೆ. ಅದಕ್ಕೆ ನಾನು ಪ್ರತಿ ವಾರ ನೂರು ಅಂಕ ಕೊಟ್ಟಿದ್ದೇನೆ. ಕಾಗದ ಓದಿ ಹೇಳಿದೆ. ಅವಳು ಅಳಲಿಲ್ಲ. "ಅಷ್ಟರೊಳಗೆ ನೆಲ ಒರೆಸಿ ಕೊಡ್ತೀನಿ" ಎಂದಳು. ಮೆಟ್ಟಿಲಿಗೆ ಬಂದು ನಾನೇ ಅತ್ತೆ.

ಮಾರ್ಚ್ 10, ಸೋಮವಾರ

ಮೇಡಂ ಮುಂದೆ ಕುಳಿತು ಎಲ್ಲ ಹೇಳಿದೆ. ಹಾಳೆಗಳು ತಪ್ಪು, ಆ ಹುಡುಗಿ ಅಲ್ಲಿ ಬದುಕಿಯೇ ಇಲ್ಲ, ಅವಳಿಗೆ ಹೇಗೆ ಬದುಕುವುದು ಎಂದು ಈಗ ಕಲಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟವರಲ್ಲ, ದಣಿದವರು.

"ನಿಮಗೆ ಆ ಹುಡುಗಿ ಮೇಲೆ ಪ್ರೀತಿ, ಅದಕ್ಕೆ ಹೀಗೆ ಹೇಳ್ತಿದೀರಿ ಅಂತಾರೆ ಉಳಿದವರು. ಬುಧವಾರ ಹತ್ತೊಂಬತ್ತಕ್ಕೆ ನಾನೇ ಬಂದು ನೋಡ್ತೀನಿ. ನನ್ನ ಕಣ್ಣಿಗೆ ಕಂಡದ್ದನ್ನ ಬರೀತೀನಿ" ಎಂದರು.

ಅಷ್ಟು ಸಾಕು.

ಮಾರ್ಚ್ 18, ಮಂಗಳವಾರ

ಇವತ್ತು ಮಧ್ಯಾಹ್ನ ಮಾಡಿದ ಕೆಲಸವನ್ನು ನನ್ನ ವಯಸ್ಸಿನವರು ಮಾಡುವುದಿಲ್ಲ. ರೇಡಿಯೋನ ಹತ್ತಿರ ಕರಕಲು ಹಿಡಿದ ಬಾಣಲೆ ಸಾಲ ಕೇಳಿದೆ. "ಅಕ್ಕ, ನನ್ನ ತೋಟದಿಂದ ಕುಯ್ಕೊಂಡು ಹೋಗ್ತಿದೀರಾ?" ಎಂದ. ಅದನ್ನೂ ಒಂದು ಫ್ಲಾಸ್ಕ್ ಚಹಾವನ್ನೂ ಹಿಡಿದು ಆರನೇ ಕೋಣೆಗೆ ಹೋದೆ.

"ನಾಳೆ ಮೇಡಂ ಬಂದಾಗ ಈ ಕೋಣೆ ಗಲೀಜಾಗಿರಬೇಕು. ಹೂಂ, ಶುರು ಮಾಡು" ಎಂದೆ.

ಅವಳು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತಳು. ಒಂದು ಕಾಗದದ ಚೂರನ್ನು ಕೈಗೆ ಕೊಟ್ಟು ಎಸೆ ಎಂದೆ. ಎಸೆದಳು, ಮರುಗಳಿಗೆಯೇ ಬಗ್ಗಿ ಎತ್ತಿಕೊಂಡಳು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಸರಿ, ನಾನೇ ಶುರು ಮಾಡಿದೆ. ಪ್ಲಾಸ್ಟಿಕ್ ಹರಿದೆ. ದಿಂಬು ಗುದ್ದಿದೆ. ಬಾಣಲೆಯನ್ನು ಒಲೆಯ ಮೇಲಿಟ್ಟೆ. ಜೀವಮಾನವೆಲ್ಲ ಕಲೆ ತೆಗೆದ ಕೈಯಿಂದ ಬಿಳಿ ಚಾದರದ ನಡುವೆ ಚಹಾ ಸುರಿದೆ.

"ಈಗ ಮಲಗು."

ಚಪ್ಪಲಿ ಬಿಟ್ಟು, ಒದ್ದೆಯಾಗದ ಕಡೆ ಅಂಚಿನಲ್ಲಿ ಕೈಕಾಲು ಮುದುಡಿ ಮಲಗಿದಳು. ಚಾವಣಿ ನೋಡುತ್ತಿದ್ದಳು. ತುಂಬಾ ಹೊತ್ತಾದ ಮೇಲೆ "ಮೆತ್ತಗಿದೆ ಅಕ್ಕ" ಎಂದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಆಮೇಲೆ ನೆಲದ ಮೇಲೆ ಕುಳಿತು ಉಳಿದ ಚಹಾ ಕುಡಿದೆವು. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ನಾನೂ ಒಂದು ಮನೆಯನ್ನು ಹೀಗೇ ಪಟ್ಟಿ ಓದಿ ಒಪ್ಪಿಸಿ ಬಂದವಳು, ಈಗ ಅಣ್ಣನ ಮನೆಯಲ್ಲಿದ್ದೇನೆ ಎಂದೆ. ಹೊರಡುವಾಗ ನಗಿಸೋಣ ಎಂದುಕೊಂಡು, "ಇದು ನನ್ನ ಕೈವಾಡ ಅಂತ ಮೇಡಂಗೆ ಗೊತ್ತಾದ್ರೆ ನನ್ನ ಕೆಲಸಾನೂ ಹೋಗತ್ತೆ, ಆಗ ಇಬ್ರೂ ಒಂದೇ ಬೆಂಚಿನ ಮೇಲೆ ಮಲಗೋಣ" ಎಂದೆ.

ನಗಲಿಲ್ಲ. ಇರಲಿ. ನಾಳೆ ಸರಿಹೋಗುತ್ತದೆ.

ಮಾರ್ಚ್ 19, ಬುಧವಾರ

ಕೋಣೆ ಕನ್ನಡಿಯಂತಿತ್ತು.

ಮಾರ್ಚ್ 20, ಗುರುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಬೆಳಗಾಗುವ ಮುಂಚೆಯೇ ಚಾದರವನ್ನು ಲಾಂಡ್ರಿಗೆ ಒಯ್ದು ಒಗೆದು ಇಸ್ತ್ರಿ ಮಾಡಿ ತಂದಿದ್ದಾಳೆ. ಹರಿದ ಪ್ಲಾಸ್ಟಿಕ್ಕನ್ನು ಅಂಟುಪಟ್ಟಿ ಹಾಕಿ ಜೋಡಿಸಿದ್ದಾಳೆ. ರೇಡಿಯೋನ ಬಾಣಲೆಯಂತೂ ಹುಟ್ಟಿದಾಗಲೂ ಅಷ್ಟು ಹೊಳೆದಿರಲಿಕ್ಕಿಲ್ಲ. ಮೇಡಂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಚಾದರ ಎತ್ತಿ ಪ್ಲಾಸ್ಟಿಕ್ ತೋರಿಸಿದೆ.

"ಕೆಲವರು ಹಾಗೇ ಇಟ್ಕೋತಾರೆ, ನಮ್ಮ ಮನೆ ಸೋಫಾನೂ ಹಾಗೇ ಇದೆ" ಎಂದರು. ಪಿಸುವನ್ನು ಕೇಳಿದರು, "ನಿನಗೆ ಇಲ್ಲಿ ಏನಾದ್ರೂ ಕಷ್ಟ ಇದೆಯಾ?"

"ಇಲ್ಲ ಮೇಡಂ. ಎಲ್ಲ ಸರಿಯಾಗಿದೆ."

"ಅಡುಗೆ ಮಾಡ್ಕೋತೀಯಾ?"

"ಹೂಂ ಮೇಡಂ."

ಮೇಡಂ ಅವಳ ಕೆನ್ನೆ ತಟ್ಟಿ, ನನಗೆ ಏಳು ಹಾಳೆಗಳನ್ನು ತೋರಿಸಿ, "ಇದು ನಿಮ್ಮದೇ ಕೈಬರಹ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಹೌದು, ನನ್ನದೇ. ದುಂಡಗೆ, ಅಂದವಾಗಿ.

ಇವತ್ತು ಅವಳ ಮೇಲೆ ಕೂಗಾಡಿದೆ. ಯಾಕೆ ಒಗೆದೆ, ಯಾಕೆ ಸುಳ್ಳು ಹೇಳಿದೆ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಯಾಕೆ ಮಾಡಿಕೊಂಡೆ ಎಂದೆ. ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿದರು. ಅವಳು ನಾನು ಮುಗಿಸುವವರೆಗೆ ಕಾದು, ಆ ಸಣ್ಣ ದನಿಯಲ್ಲಿ ಹೇಳಿದಳು.

"ನಿಮ್ಮ ಕೆಲಸ ಹೋಗತ್ತೆ ಅಂದ್ರಿ. ಮನೆ ಮೊದಲೇ ಇಲ್ಲ ಅಂದ್ರಿ. ನನಗೆ ಅಭ್ಯಾಸ ಇದೆ ಅಕ್ಕ. ನಿಮಗೆ ಇಲ್ಲ."

ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು.

ಏಪ್ರಿಲ್ 3, ಗುರುವಾರ

ಹದಿಮೂರು ಕಡೆ ಕೋಣೆ ವಿಚಾರಿಸಿದೆ. ಫೋನಿನಲ್ಲಿ ನನ್ನ ದನಿ ಕೇಳಿ ಖಾಲಿ ಇದೆ ಎನ್ನುತ್ತಾರೆ, ಅವಳನ್ನು ನೋಡಿದ ಮೇಲೆ ಈಗ ತಾನೇ ಹೋಯಿತು ಎನ್ನುತ್ತಾರೆ. ಒಬ್ಬರು, "ಅವಳ ಕಡೆ ಯಾರೂ ಇಲ್ವಾ? ಯಾರೂ ಇಲ್ಲದವರನ್ನ ನಂಬೋದು ಹೇಗೆ?" ಎಂದರು. ಯಾರೂ ಇಲ್ಲದಿರುವುದೂ ಅವಳದೇ ತಪ್ಪು.

ಏಪ್ರಿಲ್ 13, ಭಾನುವಾರ

ಲಾಂಡ್ರಿಯ ಮೇಲಂತಸ್ತಿನಲ್ಲಿ ಆರು ಹೆಂಗಸರು ಮಲಗುವ ಒಂದು ಕೋಣೆಯಿದೆಯಂತೆ. ಒಂದು ಜಾಗ ಖಾಲಿ. ನೋಡಿ ಬಂದೆ. ಕಿಟಕಿ ತೆರೆಯುವುದಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಮಾಲೀಕನ ಮೈದುನ ಮೆಟ್ಟಿಲ ಮೇಲೆ ಕುಳಿತು ಹೋಗಿಬರುವವರನ್ನು ನೋಡುತ್ತಿದ್ದ ರೀತಿ ನನಗೆ ಸರಿ ಬರಲಿಲ್ಲ.

ಬಸ್ಸಿನಲ್ಲಿ ಬರುವಾಗ ಒಂದು ಯೋಚನೆ ಬಂತು. ನನ್ನ ಕೋಣೆಯಲ್ಲಿ, ಪೆಟ್ಟಿಗೆ ಸರಿಸಿದರೆ, ಇನ್ನೊಂದು ಹಾಸಿಗೆ ಹಿಡಿಯುತ್ತದೆ. ಮನೆಗೆ ಬಂದೆ. ಅಣ್ಣ ಪತ್ರಿಕೆ ಓದುತ್ತಿದ್ದ, ಅತ್ತಿಗೆ ಹಜಾರದಲ್ಲಿ ಯಂತ್ರದ ಮುಂದೆ ಕುಳಿತು ಏನೋ ಹೊಲಿಯುತ್ತಿದ್ದರು. ಬೆಳಕು ಕಡಿಮೆಯಾಗಿ ಸೂಜಿಗೆ ದಾರ ಪೋಣಿಸಲು ಕಷ್ಟಪಡುತ್ತಿದ್ದರು. ಮೊದಲು ಆ ಯಂತ್ರ ಕಿಟಕಿಯ ಬಳಿ ಇತ್ತು. ಯಾವ ಮುಖ ಇಟ್ಟುಕೊಂಡು ಕೇಳಲಿ? ಇರುವವಳೇ ಹೆಚ್ಚು, ಮೇಲೆ ಇನ್ನೊಬ್ಬಳೇ? ದಾರ ಪೋಣಿಸಿ ಕೊಟ್ಟು ಒಳಗೆ ಬಂದೆ.

ಏಪ್ರಿಲ್ 22, ಮಂಗಳವಾರ

ಹತ್ತು ಗಂಟೆಗೆ ಹೋದೆ. ಅವಳ ಗಂಟು ಬಾಗಿಲ ಬಳಿ ಸಿದ್ಧವಿತ್ತು. ಪಟ್ಟಿ ಓದುತ್ತಾ ಹೋದೆ, ಅವಳು ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತಾ ಹೋದಳು. ಮಂಚ, ಇದೆ. ಹಾಸಿಗೆ, ಇದೆ. ದಿಂಬು, ಇದೆ. ಲೋಟ ನಾಲ್ಕು.

ಅವಳ ಬೆರಳು ನಿಂತಿತು. ನಾಲ್ಕು ಇದ್ದವು. ಆದರೂ ನಿಂತಿತು. ನಾನು ಎತ್ತಿ ಕಿಟಕಿಗೆ ಹಿಡಿದೆ. ಮೂರರ ಅಂಚಿನಲ್ಲಿ ಸಣ್ಣ ನೀಲಿ ಗೆರೆ. ನಾಲ್ಕನೆಯದರ ಗೆರೆ ಒಂದು ಕೂದಲಷ್ಟು ದಪ್ಪ, ಬಣ್ಣ ಸ್ವಲ್ಪ ಹಸಿರಿನ ಕಡೆ.

"ಮೊದಲನೇ ವಾರ ಅಕ್ಕ. ಒರೆಸುವಾಗ ಜಾರಿತು. ಹನ್ನೊಂದು ಅಂಗಡಿ ತಿರುಗಿದೆ. ಇದೇ ಎಲ್ಲಕ್ಕಿಂತ ಹತ್ತಿರದ್ದು." ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಈಗ ನನ್ನನ್ನ ಊರಿಗೆ ಕಳಿಸ್ತಾರಾ?"

"ತಮಾಷೆ ಅಂತ ಹೇಳಿದ್ನಲ್ಲೇ ಅವತ್ತು!"

"ಹೇಳಿದ್ರಿ. ಆದ್ರೆ ಆಗ ಲೋಟ ಒಡೆದಿದ್ದು ನಿಮಗೆ ಗೊತ್ತಿರಲಿಲ್ಲವಲ್ಲ."

ಮೂರೂವರೆ ತಿಂಗಳು. ನಾನು ಬಾಗಿಲು ತಟ್ಟಿದಾಗಲೆಲ್ಲ, ಕಪಾಟಿನ ಕಡೆ ನೋಡಿದಾಗಲೆಲ್ಲ, ಈ ಹುಡುಗಿ ಏನು ಅನುಭವಿಸಿರಬೇಕು? ಯಾರೂ ಕಳಿಸುವುದಿಲ್ಲ ಎಂದೆ. ನನ್ನಾಣೆ ಎಂದೆ. ಅವಳು ನಕ್ಕಳು. ನಗಬೇಕಾದದ್ದು ಎಂದು ಗೊತ್ತಾಗಿ, ನನಗೆ ಬೇಸರವಾಗದಿರಲಿ ಎಂದು ನಕ್ಕಳು. ಹಲ್ಲು ಕಾಣುವಂತೆ ನಕ್ಕದ್ದು ಅದೊಂದೇ ಸಲ.

ರೇಡಿಯೋ ಬಂದು ಅವಳ ಗಂಟು ಹೊತ್ತು ಕೆಳಗಿಳಿಸಿದ. ಅವನೂ ಮಾತಾಡಲಿಲ್ಲ. ಬೇರೆಲ್ಲೂ ಸಿಗದೆ ಲಾಂಡ್ರಿಯ ಮೇಲಿನ ಆ ಕೋಣೆಗೇ ಹೊರಟಿದ್ದಳು. ಬಸ್ಸು ಹತ್ತುವಾಗ ಅವಳು, "ಪಟ್ಟಿಗೆ ಸಹಿ ಹಾಕಿದ್ರಾ ಅಕ್ಕ?" ಎಂದು ಕೇಳಿದಳು. ಹಾಕಿದೆ ಎಂದೆ.

ಹಾಕಿರಲಿಲ್ಲ. ಆ ಲೋಟವನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಏಪ್ರಿಲ್ 24, ಗುರುವಾರ

ಅತ್ತಿಗೆ ಊಟಕ್ಕೆ ಕರೆದಾಗ ಬೇಡ ಎಂದೆ. ತಟ್ಟೆ ಹಿಡಿದು ಕೋಣೆಗೇ ಬಂದರು. ಏನಾಯಿತು ಎಂದು ಕೇಳಿದರು, ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ. ಲಾಂಡ್ರಿಯ ಕೋಣೆ ನೋಡಿ ಬಂದ ಭಾನುವಾರ ನಾನು ಕೇಳಬೇಕೆಂದಿದ್ದು, ಕೇಳದೆ ದಾರ ಪೋಣಿಸಿ ಬಂದದ್ದನ್ನೂ ಹೇಳಿದೆ.

ಅವರು ತಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟರು.

"ಕೇಳಬಾರ್ದಿತ್ತೇನೇ? ಇನ್ನೊಂದು ಹಾಸಿಗೆ ಹಾಕಿದ್ರೆ ಗೋಡೆ ಬಿದ್ದುಹೋಗ್ತಿತ್ತಾ?"

"ನಿಮಗೆ ತೊಂದರೆ ಅಂತ ಅತ್ತಿಗೆ."

"ತೊಂದರೆ ಅಂತ ನಾನು ಯಾವತ್ತು ಅಂದೆ? ಹೇಳು. ಬೆಳಿಗ್ಗೆ ಎದ್ದು ನೋಡಿದ್ರೆ ಈ ಕೋಣೆಯಲ್ಲಿ ಯಾರೂ ಮಲಗೇ ಇಲ್ವೇನೋ ಅನ್ನೋ ಹಾಗಿರತ್ತೆ. ನಿಮ್ಮಣ್ಣ ಎಷ್ಟು ಸಲ ಅತ್ತಿದ್ದಾರೆ ಗೊತ್ತಾ? ನನ್ನ ತಂಗಿ ನಮ್ಮ ಮನೆಯಲ್ಲಿ ಒಂದು ಬಾಚಣಿಗೇನೂ ಇಡಲ್ಲ ಅಂತ."

ಅಂದಿರಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಅವರು ಹಾಗೆ ಅಂದಿರಲಿಲ್ಲ.

ಏಪ್ರಿಲ್ 26, ಶನಿವಾರ

ಅತ್ತಿಗೆಯೂ ನಾನೂ ಬಸ್ಸು ಹಿಡಿದು ಲಾಂಡ್ರಿಗೆ ಹೋದೆವು, ಕರೆದುಕೊಂಡು ಬರೋಣ ಎಂದು. ಅತ್ತಿಗೆ ಹೊಸ ದಿಂಬಿನ ಚೀಲ ಹೊಲಿದು ತಂದಿದ್ದರು. ಪಿಸು ಅಲ್ಲಿ ಎರಡೇ ರಾತ್ರಿ ಇದ್ದಳಂತೆ. ಗುರುವಾರ ಬೆಳಿಗ್ಗೆ ಸಂಬಳದ ಲೆಕ್ಕ ಕೇಳದೆ, ಯಾರಿಗೂ ಹೇಳದೆ ಹೊರಟುಹೋಗಿದ್ದಾಳೆ. "ಬೇರೆ ಊರಲ್ಲಿ ಕೆಲಸ ಕೊಡಿಸ್ತೀನಿ ಅಂತ ಯಾರೋ ಬಂದಿದ್ರು" ಎಂದಳು ಒಬ್ಬ ಹೆಂಗಸು. ಇನ್ನೊಬ್ಬಳು, "ಇಲ್ಲ, ಒಬ್ಬಳೇ ಹೋದಳು" ಎಂದಳು. ಮಾಲೀಕನ ಮೈದುನನನ್ನು ಕೇಳಿದರೆ ಬೇರೆ ಕಡೆ ನೋಡಿದ. ಫೋನು ಹೋಗುತ್ತಿಲ್ಲ.

ಅವಳು ಮಲಗಿದ್ದ ಜಾಗ ತೋರಿಸಿದರು. ಗುಡಿಸಿ ಒರೆಸಿತ್ತು.

ಮೇ 15, ಗುರುವಾರ

ಪೊಲೀಸರು ಬರೆದುಕೊಂಡರು. ಹದಿನೆಂಟು ತುಂಬಿದವಳು, ತನ್ನಿಷ್ಟದಂತೆ ಹೋಗಬಹುದು ಎಂದರು. ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸೋಣ ಎಂದು ಮೇಡಂ ಫೋನಿನಲ್ಲಿ ಹೇಳಿದರು. ಯಾವ ಸಾಲು ಎಂದು ಇಬ್ಬರಿಗೂ ತಿಳಿಯಲಿಲ್ಲ.

ರೇಡಿಯೋ ಪಾತ್ರೆ ತೊಳೆದಿದ್ದ. ಏಕೆಂದು ಕೇಳಿದೆ. "ಸುಮ್ಮನೆ" ಎಂದ. ತೊಳೆಯಬೇಡ ಎಂದು ಬೈದೆ.

ಮೇ 22, ಗುರುವಾರ

ಆರನೇ ಕೋಣೆಗೆ ಇನ್ನೊಬ್ಬಳು ಬಂದಳು. ವ್ಯಾಯಾಮಶಾಲೆಯ ನೆಲದಿಂದ ಬಂದವಳು, ಹದಿನಾರು ವರ್ಷ, ಉಗುರು ಕಚ್ಚುತ್ತಾಳೆ. ಇನ್ನೂ ಹೆಸರಿಟ್ಟಿಲ್ಲ.

ಅವಳು ಬರುವ ಮುಂಚೆ ಹಾಸಿಗೆಯ ಪ್ಲಾಸ್ಟಿಕ್ ಹರಿದು ಹೊರಗೆ ಹಾಕಿದೆ. ಪಿಸು ಹಚ್ಚಿದ್ದ ಅಂಟುಪಟ್ಟಿ ಎಷ್ಟು ನೇರವಾಗಿತ್ತೆಂದರೆ, ಕೀಳಲು ಮನಸ್ಸು ಬರಲಿಲ್ಲ, ಆದರೂ ಕಿತ್ತೆ. ಪಾತ್ರೆಗಳ ಚೀಟಿ ಕೆರೆದು ತೆಗೆದೆ. ಇಬ್ಬರಿಗೂ ಒಲೆಯ ಮೇಲೆ ಮೊಟ್ಟೆ ಬೇಯಿಸಿದೆ, ನೀರು ಉಕ್ಕಿ ಚೆಲ್ಲಿತು. ಹುಡುಗಿ ಬಟ್ಟೆ ಹುಡುಕಲು ಎದ್ದಳು. ಕೂತ್ಕೋ, ಆಮೇಲೆ ಒರೆಸಿದರಾಯಿತು ಎಂದೆ.

ಪಟ್ಟಿ ಓದಿದೆ. ಲೋಟದ ಸಾಲಿನಲ್ಲಿ ನಾಲ್ಕು ಹೊಡೆದು ಮೂರು ಎಂದು ತಿದ್ದಿದ್ದೆ.

"ಒಂದು ಎಲ್ಲಿ ಹೋಯ್ತು?" ಎಂದು ಕೇಳಿದಳು.

"ಒಡೀತು."

"ಒಡೆದವರಿಗೆ ಏನು ಮಾಡಿದ್ರಿ?"

"ಏನೂ ಮಾಡಲಿಲ್ಲ" ಎಂದೆ. "ಏನೂ ಮಾಡಬೇಕಾಗಿರಲಿಲ್ಲ."

ಸಂಜೆ ಮನೆಗೆ ಬಂದಾಗ ಬಚ್ಚಲಿನಿಂದ ಅತ್ತಿಗೆ ಕೂಗಿದರು, "ಈ ಹಸಿರು ಗೆರೆ ಲೋಟ ಯಾರದೇ? ಒಳಗೆ ಬ್ರಷ್ ಇದೆಯಲ್ಲ?" ಬೆಳಿಗ್ಗೆ ಕೈಚೀಲಕ್ಕೆ ಹಾಕಿಕೊಳ್ಳುವುದು ಮರೆತಿರಬೇಕು. ನನ್ನದೇ ಎಂದೆ. "ಇಲ್ಲೇ ಇರ್ಲಾ?" ಎಂದರು. ಇರಲಿ ಎಂದೆ.

ಅವಳು ಎಲ್ಲಿದ್ದಾಳೋ, ಇವತ್ತು ಮಂಚದ ಮೇಲೆ ಮಲಗಿದಳೋ, ಕೆಳಗೆ ಮಲಗಿದಳೋ, ಗೊತ್ತಿಲ್ಲ.